ಗಂಡಿಗೆ ಗೂಡಲ್ಲಿ ಏನು ಕೆಲಸ

ದಸರಾ ರಜೆ. ಜೋಳ ತರಲು ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ನನ್ನ ಗಂಡು ಪಾರಿವಾಳವನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದರು. ತಾರಸಿಯ ಗೂಡಿನಲ್ಲಿ ಹೆಣ್ಣೊಂದೇ ಇತ್ತು, ಅದರ ಹೊಟ್ಟೆಯಡಿ ಐದು ದಿನದ ಎರಡು ಮರಿ.

ಪಕ್ಕದ ಮನೆಯ ಮಾವನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ನಮ್ಮ ಶ್ರೀರಾಂಪುರದಲ್ಲಿ ಆಗ ಲಕ್ವಕ್ಕೆ ಪಾರಿವಾಳದ ಬಿಸಿ ರಕ್ತ ತಿಕ್ಕುತ್ತಿದ್ದರು. ರೋಗಿಯ ಮನೆಯವರು ಕೇಳಿದರೆ ಇಲ್ಲವೆನ್ನಬಾರದು ಎಂದೂ ಇತ್ತು. ಇರಲಿ. ಗೂಡು ತೊಳೆಯುವವಳು ನಾನು, ಕಾಳು ಹಾಕುವವಳು ನಾನು. ನನ್ನನ್ನೊಂದು ಮಾತು ಕೇಳಬಹುದಿತ್ತು.

"ಮರಿಗೆ ತಾಯಿ ಬೇಕು ಅಂತ ಹೆಣ್ಣು ಬಿಟ್ಟಿದೀನಲ್ಲ. ಗಂಡಿಗೆ ಗೂಡಲ್ಲಿ ಏನು ಕೆಲಸ?" ಎಂದರು ಅಪ್ಪ, ದೊಡ್ಡ ಉಪಕಾರ ಮಾಡಿದವರಂತೆ.

ನನಗೆ ಮೈ ಉರಿದುಹೋಯಿತು. ಮೊಟ್ಟೆಯಿಟ್ಟಂದಿನಿಂದ ಯಾವುದು ಯಾವ ಹೊತ್ತಿಗೆ ಕಾವಿಗೆ ಕೂರುತ್ತದೆಂದು ಡೈರಿಯಲ್ಲಿ ಬರೆಯುತ್ತಿದ್ದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂರುತ್ತಿದ್ದುದು ಗಂಡು. ಆಗಲೇ ಹೆಣ್ಣು ಮೇಯಲು ಹೋಗುತ್ತಿದ್ದುದು. ಮರಿಯ ಕೊಕ್ಕಿಗೆ ಕಕ್ಕುವ ಹಾಲಿನಂಥ ಗಂಜಿ ಗಂಡಿನ ಗಂಟಲಲ್ಲೂ ಹುಟ್ಟುತ್ತದೆ. ಎಲ್ಲವನ್ನೂ ಹೇಳಿದೆ.

"ಹಾಲು ಕೊಡೋ ಗಂಡಾ? ನಮ್ಮ ಮಿಲ್ಲಲ್ಲಿ ಹೇಳಿದ್ರೆ ಜೊತೆ ಕೆಲಸದೋರು ನಗ್ತಾರೆ ಕಣೇ."

ಮಾರನೆಯ ದಿನವೆಲ್ಲ ಜಡಿಮಳೆ. ಹೆಣ್ಣು ಮೇಯಲು ಹೋದಾಗಲೆಲ್ಲ ಮರಿಗಳು ತಣ್ಣಗಾದವು. ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟೆ. ಹುರಿಗಡಲೆ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ ಬೆರಳ ಸಂದಿಯಿಂದ ಉಣಿಸಿದೆ. ದೊಡ್ಡದು ನುಂಗಿತು. ಚಿಕ್ಕದಕ್ಕೆ ಕತ್ತೆತ್ತಲೂ ಆಗಲಿಲ್ಲ. ಮರುದಿನ ಬೆಳಗ್ಗೆ ಅದು ಸತ್ತಿತ್ತು.

ಅದನ್ನು ಎತ್ತಿ ಹಾಕುವ ಮೊದಲೇ ಪಕ್ಕದ ಮನೆಯ ಅತ್ತೆ ತಾರಸಿ ಹತ್ತಿ ಬಂದರು, ಹಿಂದೆಯೇ ಅಪ್ಪ.

"ಇನ್ನೊಂದು ಸಲ ತಿಕ್ಬೇಕಂತೆ ಕಣಮ್ಮ. ನಿಮ್ಮಪ್ಪ ಆ ಹೆಣ್ಣನ್ನೂ ಕೊಡ್ತೀನಿ ಅಂದ್ರು."

"ಮಾವನ ಕೈ ಎದ್ದಿತಾ?"

"ಒಂದೇ ಸಲಕ್ಕೆ ಏಳುತ್ತಾ?"

"ಕೊಟ್ಬಿಡೇ," ಎಂದರು ಅಪ್ಪ. "ಮನುಷ್ಯರಿಗಿಂತ ಹಕ್ಕಿ ಹೆಚ್ಚಾ?"

ನಾನು ಉಳಿದ ಮರಿಯನ್ನು ತಂದು ಅತ್ತೆಯ ಅಂಗೈ ಮೇಲಿಟ್ಟೆ. "ಹಂಗಾದ್ರೆ ಇದನ್ನೂ ತಗೊಂಡ್ಹೋಗಿ. ಎರಡು ಗಂಟೆಗೊಂದ್ಸಲ ತಿನ್ನಿಸ್ಬೇಕು."

ಹಳದಿ ಕೂದಲಿನ ಆ ಬೋಳು ಜೀವ ಅವರ ಬೆರಳನ್ನೇ ತಾಯಿಯ ಕೊಕ್ಕು ಎಂದುಕೊಂಡು ತಿವಿಯತೊಡಗಿತು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದರು.

"ನಮ್ಮನೇಲಿ ಒಬ್ರಿಗೆ ತುತ್ತು ತಿನ್ನಿಸೋದೇ ಸಾಕಾಗಿದೆ ತಾಯಿ," ಎಂದು ಮರಿಯನ್ನು ನನ್ನ ಕೈಗೆ ವಾಪಸು ಕೊಟ್ಟು, ಹೆಣ್ಣನ್ನೂ ಕೇಳದೆ ಬರಿಗೈಯಲ್ಲಿ ಮೆಟ್ಟಿಲಿಳಿದರು.

ಅವರ ಮೇಲೆ ನನಗೆ ಸಿಟ್ಟಿರಲಿಲ್ಲ.

"ನೆರೆಯವ್ರ ಮುಂದೆ ನನ್ನ ಮಾನ ಕಳೆದೆ," ಎಂದರು ಅಪ್ಪ. ಸತ್ತ ಮರಿ ಅವರ ಕಾಲ ಬಳಿಯೇ ಇತ್ತು.

ಉಳಿದ ಮರಿ ಹಾರುವವರೆಗೂ ನಾನು ಅಪ್ಪನೊಡನೆ ಮಾತಾಡಲಿಲ್ಲ. ಹಾರಿದ ಮೇಲೂ ಮನಸ್ಸಾಗಲಿಲ್ಲ. ಅಮ್ಮ ಅತ್ತಳೆಂದು ಮಾತಾಡಿದೆ, ಅಷ್ಟೆ.