ಜಯಕ್ಕನ ಸಿಟ್ಟು

ಮೇಡ್ಲೇರಿಯ ನಮ್ಮ ಓಣಿಯಲ್ಲಿ ಜಯಕ್ಕನ ಬಾಯಿಗೆ ಹೆದರದವರಿಲ್ಲ. ಇಪ್ಪತ್ತು ವರ್ಷದಿಂದ ನಾವಿಬ್ಬರೂ ಬೀಜದ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತೇವೆ. ಸಂಜೆ ಮೊಗ್ಗಿನೊಳಗಿನ ಗಂಡು ಕೇಸರ ಉಗುರಿನಿಂದ ಕಿತ್ತು ದಾರ ಕಟ್ಟಬೇಕು, ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗ ಸವರಬೇಕು. ಒಂದು ಕೇಸರ ಉಳಿದರೂ ಬೀಜ ಕೆಟ್ಟಂತೆ. ಜಯಕ್ಕನ ಸಾಲಿನಲ್ಲಿ ಎಂದೂ ಉಳಿದದ್ದಿಲ್ಲ.

ಈ ಸಲ ಮೂರು ವಾರ ಅವಳಿಗೆ ಜ್ವರ ಬಂದು ಹೋಗುತ್ತಿತ್ತು. ಹುಳುಕು ಹಲ್ಲಿಗೆ ಲವಂಗ ಒತ್ತಿಕೊಂಡು, ಗುಳಿಗೆ ನುಂಗಿ ಹೊಲಕ್ಕೆ ಬರುತ್ತಿದ್ದಳು. ಒಂದು ಸಂಜೆ ನೋಡುತ್ತೇನೆ, ಮೊಗ್ಗು ಬಿಟ್ಟು ಪಕ್ಕದ ಗಾಳಿ ಚಿವುಟುತ್ತಿದ್ದಾಳೆ.

"ಎಲ್ಲಾ ಎರಡೆರಡು ಕಾಣಾಕತ್ತಾವು ನಿರ್ಮಲಾ. ಯಾರ ಮುಂದೂ ಹೇಳಬ್ಯಾಡ," ಎಂದು ಸೆರಗಿನಿಂದ ಒಂದು ಕಣ್ಣು ಮುಚ್ಚಿ ಕಟ್ಟಿಕೊಂಡಳು. ದವಾಖಾನೆಗೆ ನಡಿ ಅಂದರೆ, "ಸೀಜನ್ ಮುಗೀಲಿ ತಗೋ!"

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ನೆಟ್ಟಗೆ ಹೊಲದ ಮಾಲಕ ಲಕ್ಕಪ್ಪನ ಹತ್ತಿರ ಹೋಗಿ ಸುಳ್ಳು ಹೇಳಿದೆ: "ಜಯಕ್ಕನ ಸಾಲು ಕೆಡಾಕತ್ತಾವ್ರಿ. ಆಕಿಗೆ ಎಲ್ಲಾ ಎರಡೆರಡು ಕಾಣಾಕತ್ತಾವು." ಕಣ್ಣು ತೋರಿಸಿಕೊಂಡು ಬರುವತನಕ ಹೊಲಕ್ಕೆ ಕಾಲಿಡಬೇಡ ಎಂದು ಅವನು ಜಯಕ್ಕನಿಗೆ ಹೇಳಿಬಿಟ್ಟ.

"ಹೊಟ್ಟಿ ಮ್ಯಾಲೆ ಹೊಡದ್ಯಲ್ಲ ನಿರ್ಮಲಾ!" ಎಂದಳು ಜಯಕ್ಕ. ನನ್ನ ಮೇಲಿನ ಹಟಕ್ಕೇ ಗಂಡ ಮೈಲಪ್ಪನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದಳು. ಕಣ್ಣಿನ ಡಾಕ್ಟರು ಅವಳ ಜ್ವರ ಕಂಡು ಗಾಬರಿಯಾಗಿ ದಾವಣಗೆರೆಯ ದೊಡ್ಡ ದವಾಖಾನೆಗೆ ಕಳಿಸಿದರು.

ಹಲ್ಲಿನ ಸೋಂಕು ರಕ್ತಕ್ಕಿಳಿದು, ಮೊದಲೇ ಹಾಳಾಗಿದ್ದ ಹೃದಯದ ಕವಾಟದಲ್ಲಿ ಮನೆ ಮಾಡಿ, ಅಲ್ಲಿಂದ ಮಿದುಳಿಗೇರಿತ್ತಂತೆ. ಅಲ್ಲೊಂದು ರಕ್ತನಾಳದ ಗೋಡೆ ಸವೆದು ಗುಳ್ಳೆಯಂತೆ ಉಬ್ಬಿ ಕಣ್ಣಿನ ನರ ಒತ್ತುತ್ತಿತ್ತು. ಅದು ಒಡೆದರೆ ಜೀವ ಉಳಿಯುವುದು ಕಷ್ಟ. ಆರು ವಾರ ಇಂಜೆಕ್ಷನ್. ಬಿಪಿ ಏರಬಾರದು, ಸಿಟ್ಟು ಬರಬಾರದು ಎಂದರು ಡಾಕ್ಟರು.

ನನ್ನ ಮುಖ ಕಂಡರೆ ಅವಳಿಗೆ ಸಿಟ್ಟು ಬಾರದೆ ಇದ್ದೀತೆ? ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ವಾರ್ಡಿನ ಬಾಗಿಲಾಚೆ ಕೂತು ಬರುತ್ತಿದ್ದೆ. ಒಳಗೆ ಯಾರಾದರೂ ಜೋರಾಗಿ ಮಾತಾಡಿದರೂ ಥಟ್ಟನೆ ಎದ್ದು ನಿಲ್ಲುತ್ತಿದ್ದೆ. ಅವಳ ದನಿ ಒಂದು ದಿನವೂ ಕೇಳಲಿಲ್ಲ.

ಏಳನೇ ವಾರ ಮೈಲಪ್ಪಣ್ಣ ಹೊರಗೆ ಬಂದ. "ಸ್ಕ್ಯಾನ್ ಆತು. ಗುಳ್ಳಿ ಕರಗೇತಿ. ಒಳಗ ಕರ್ಯಾಕತ್ತಾಳ ನಿನ್ನ."

ಒಳಗೆ ಹೋದೆ. ಜಯಕ್ಕ ಎದ್ದು ಕೂತಿದ್ದಳು. ಸೊರಗಿದ್ದಳು, ಎರಡೂ ಕಣ್ಣು ತೆರೆದಿದ್ದವು.

"ಏ ಮನಿಮುರುಕಿ! ನನ್ನ ಸಾಲು ಕೆಟ್ಟಾವಂತ ಹೇಳೀದಿ? ಒಂದ ಕೇಸರ ತೋರಸ ನೋಡೂಣು!"

ಇಡೀ ವಾರ್ಡು ನಮ್ಮ ಕಡೆ ತಿರುಗಿತು. ನಾನು ಮಂಚದ ಸರಳು ಹಿಡಿದು ಗಳಗಳ ಅತ್ತೆ.

"ಬೈ ಯಕ್ಕಾ," ಎಂದೆ. "ಇನ್ನೂ ಬೈ."