ಎಲ್ಲರೂ ಒಂದೇ ವಿಳಾಸದಿಂದ ಬಂದ ದಿನ

ನೆಲಮಂಗಲದ ಕೋಲ್ಡ್ ಸ್ಟೋರೇಜಿಗೆ ವಾಣಿಶ್ರೀ ಸೇರಿದ್ದು ಡೇಟಾ ಎಂಟ್ರಿ ಕೆಲಸಕ್ಕೆ. ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುತ್ತಿದ್ದರು, ಇವಳು ಅಲ್ಲೇ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಸೇರಿದ ಎರಡನೇ ವರ್ಷ, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಹೇಳದೆ ಕೇಳದೆ ಕೆಲಸ ಬಿಟ್ಟರು. ಅದೇ ವಾರ ಕಂಪನಿಯ ವೆಬ್‌ಸೈಟ್ ನಿಂತುಹೋಯಿತು. ಅದನ್ನು ನಡೆಸುವ, ಮಿಕ್ಕವರು ಮುಟ್ಟಲು ಹೆದರುತ್ತಿದ್ದ ವೆಬ್ ಸರ್ವರ್ ಎಂಬ ಯಂತ್ರದ ಮುಂದೆ ಅವಳು ಮೂರು ದಿನ ಕೂತಳು. ಓದಿದಳು, ಕೆಡಿಸಿದಳು, ಮತ್ತೆ ಸರಿಮಾಡಿದಳು. ನಾಲ್ಕನೇ ದಿನ ಸೈಟ್ ಎದ್ದು ನಿಂತಿತು.

ಅಲ್ಲಿಂದ ಒಂಬತ್ತು ವರ್ಷ ಆ ವೆಬ್ ಸರ್ವರ್ ಅವಳದೇ ಜವಾಬ್ದಾರಿ. ಆದರೆ ಅವಳ ಗುರುತಿನ ಚೀಟಿಯಲ್ಲಿ ಇವತ್ತಿಗೂ ಇರುವುದು ‘ಆಪರೇಟರ್’ ಎಂದೇ. ಹೊರಗಿನಿಂದ ಯಾರಾದರೂ ಬಂದರೆ ಮ್ಯಾನೇಜರ್ ಕಾಂತರಾಜು, “ಇವ್ರು ನಮ್ಮ ಕಂಪ್ಯೂಟರ್ ಮೇಡಂ” ಅನ್ನುತ್ತಿದ್ದರು, ಟೈಪಿಂಗ್ ಮಾಡುವವಳೇನೋ ಎಂಬಂತೆ. ಅವಳು ನುಂಗಿಕೊಳ್ಳುತ್ತಿದ್ದಳು. ನುಂಗಿದ್ದೆಲ್ಲ ಅರಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಈ ಫೆಬ್ರವರಿಯಲ್ಲಿ ಕಂಪನಿ ಬೆಂಗಳೂರಿನ ಒಂದು ಸಂಸ್ಥೆಯಿಂದ ಹೊಸ ಸಾಫ್ಟ್‌ವೇರ್ ತರಿಸಿತು. ಲೋಡ್ ತರುವ ಡ್ರೈವರುಗಳು ದಾರಿಯಲ್ಲೇ ಮೊಬೈಲಿನಲ್ಲಿ ಗಾಡಿ ನಂಬರು, ಪಿನ್ನು ಹಾಕಿ ಟೋಕನ್ ತೆಗೆದುಕೊಳ್ಳಬೇಕು. ಟೋಕನ್ ಇದ್ದವರಿಗೆ ಗೇಟು ತೆರೆಯುತ್ತದೆ. ಈ ಸಾಫ್ಟ್‌ವೇರ್ ಕೂರುವುದು ಬೇರೊಂದು ಯಂತ್ರದಲ್ಲಿ, ಅದರ ಹೆಸರು ಅಪ್ಲಿಕೇಶನ್ ಸರ್ವರ್. ಸಂಸ್ಥೆಯಿಂದ ಬಂದ ಇಂಜಿನಿಯರ್ ಮುರಳಿ, ನಲವತ್ತರ ಆಸುಪಾಸಿನವರು, ವಾಣಿಶ್ರೀಯ ಮೇಜಿನ ಮುಂದೆ ನಿಂತು ಕಾಂತರಾಜು ಕಡೆ ತಿರುಗಿ ಮಾತಾಡಿದರು.

“ಸಾರ್, ಈ ವೆಬ್ ಸರ್ವರ್ ಹಳೇದು. ತೆಗೆದು ಬಿಸಾಕಿ. ನಮ್ಮದನ್ನೇ ನೇರವಾಗಿ ಹೊರಗಡೆಗೆ ತೆರೆದಿಟ್ಟುಬಿಡೋಣ.”

“ಬೇಡ ಸಾರ್,” ಅಂದಳು ವಾಣಿಶ್ರೀ. “ಬೀಗ, ಭದ್ರತೆ ಎಲ್ಲ ಇದರಲ್ಲೇ ಇದೆ. ಹೊರಗಿನವರು ಮೊದಲು ಇಲ್ಲಿಗೇ ಬರಲಿ. ಟೋಕನ್ ಕೇಳಿದವರನ್ನ ಇದೇ ಹಿಂದಿರೋ ನಿಮ್ಮ ಸರ್ವರಿಗೆ ದಾಟಿಸುತ್ತೆ. ಎರಡನ್ನೂ ಜೋಡಿಸಿದರೆ ಸಾಕು.”

ಮುರಳಿ ನಕ್ಕರು. “ಮೇಡಂ ಯೂಟ್ಯೂಬ್ ನೋಡ್ತಾರೆ ಅಂತ ಕಾಣುತ್ತೆ.”

ಕಾಂತರಾಜು ಕೂಡ ನಕ್ಕರು. ಆ ನಗು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಕೊನೆಗೆ ಅವಳು ಹೇಳಿದಂತೆಯೇ ಆಯಿತು. ಅವಳ ಮಾತಿಗೆ ಬೆಲೆ ಬಂತೆಂದಲ್ಲ, ಹೆಡ್ ಆಫೀಸಿನ ಭದ್ರತಾ ನಿಯಮದಲ್ಲೂ ಅದೇ ಇತ್ತು. ವೆಬ್ ಸರ್ವರ್ ಕಡೆಯ ಜೋಡಣೆ ಅವಳು ಮಾಡಿದಳು, ಅಪ್ಲಿಕೇಶನ್ ಕಡೆಯದು ಮುರಳಿಯವರದು. ಆವತ್ತೇ ಅವಳು ಮುರಳಿಯವರಿಗೆ ಒಂದು ಮೇಲ್ ಬರೆದು, ಕಾಂತರಾಜು ಅವರಿಗೂ ಒಂದು ಪ್ರತಿ ಹಾಕಿದಳು: ‘ಬಂದವರ ನಿಜವಾದ ಇಂಟರ್ನೆಟ್ ವಿಳಾಸವನ್ನು (ಐ.ಪಿ.) ಪ್ರತಿ ಕೋರಿಕೆಯ ಜೊತೆ ನಾನು ಕಳಿಸುತ್ತಿದ್ದೇನೆ. ಅದನ್ನು ಓದಿಕೊಳ್ಳುವಂತೆ ನಿಮ್ಮ ಸರ್ವರಿಗೆ ಹೇಳಿಡಿ. ಇಲ್ಲದಿದ್ದರೆ ಎಲ್ಲರೂ ನನ್ನ ಸರ್ವರಿನ ವಿಳಾಸದಿಂದಲೇ ಬಂದಂತೆ ಕಾಣುತ್ತದೆ.’ ಮುರಳಿಯಿಂದ ಒಂದೇ ಸಾಲಿನ ಉತ್ತರ ಬಂತು: ‘ನೋಡಿಕೊಳ್ಳುತ್ತೇವೆ.’

ಮಾರ್ಚ್ ಕೊನೆಯ ಸೋಮವಾರ ಬೆಳಗ್ಗೆ ಎಂಟಕ್ಕೆ ಹೊಸ ವ್ಯವಸ್ಥೆ ಶುರುವಾಯಿತು. ಮೊದಲ ಅರ್ಧ ಗಂಟೆ ಗಾಡಿಗಳು ಸರಾಗವಾಗಿ ಒಳಗೆ ಬಂದವು. ಎಂಟೂ ಮುಕ್ಕಾಲಿಗೆ ಎಲ್ಲ ಡ್ರೈವರುಗಳ ಮೊಬೈಲಿನಲ್ಲೂ ಒಂದೇ ಸಂದೇಶ: ‘ನಿಮ್ಮನ್ನು ತಡೆಹಿಡಿಯಲಾಗಿದೆ. ಒಂದು ಗಂಟೆಯ ನಂತರ ಪ್ರಯತ್ನಿಸಿ.’

ಒಂಬತ್ತೂವರೆ ಹೊತ್ತಿಗೆ ಸರ್ವಿಸ್ ರಸ್ತೆಯ ಉದ್ದಕ್ಕೂ ಗಾಡಿಗಳು ಸಾಲುಗಟ್ಟಿದ್ದವು. ದ್ರಾಕ್ಷಿಯ ಕಾಲ. ದೇವನಹಳ್ಳಿ ಕಡೆಯಿಂದ ಬಂದ ಪಿಕಪ್ ವ್ಯಾನುಗಳಲ್ಲಿ ಕ್ರೇಟುಗಟ್ಟಲೆ ಹಣ್ಣು ಬಿಸಿಲಿಗೆ ಕಾಯುತ್ತಿತ್ತು. ಕಾಂತರಾಜು ಸ್ಪೀಕರ್ ಫೋನಿನಲ್ಲಿ ಮುರಳಿಯವರನ್ನು ಹಿಡಿದರು.

“ನಾನು ಮೊದಲೇ ಹೇಳಿದ್ನಲ್ಲ ಸಾರ್,” ಆ ಕಡೆಯಿಂದ ಮಾತು ಬಂತು, “ಆ ಹಳೇ ವೆಬ್ ಸರ್ವರ್ ಇಷ್ಟು ಜನರ ಹೊರೆ ತಾಳ್ತಿಲ್ಲ. ಅದೇ ಎಲ್ಲಾರನ್ನೂ ತಡೀತಿದೆ.”

ಕಾಂತರಾಜು ತಲೆಯೆತ್ತಿ ಅವಳನ್ನು ನೋಡಿದರು. “ಏನಮ್ಮಾ ಇದು? ಆಗಲ್ಲ ಅಂದ್ರೆ ಆವತ್ತೇ ಹೇಳಬಾರದಿತ್ತಾ?”

ವಾಣಿಶ್ರೀ ತನ್ನ ಸರ್ವರಿನ ದಾಖಲೆ ತೆರೆದಳು. ನೂರಾರು ಕೋರಿಕೆಗಳು, ಒಂದೊಂದಕ್ಕೂ ಬೇರೆ ಬೇರೆ ವಿಳಾಸ. ಎಲ್ಲವನ್ನೂ ಅವಳ ಸರ್ವರ್ ಕ್ಷಣದಲ್ಲೇ ಹಿಂದಕ್ಕೆ ದಾಟಿಸಿತ್ತು. ಇಲ್ಲ ಅಂದಿದ್ದು ಅದರ ಹಿಂದಿದ್ದ ಅಪ್ಲಿಕೇಶನ್ ಸರ್ವರ್.

“ಅವರ ಸರ್ವರಿನ ದಾಖಲೆ ನಾನು ನೋಡಬೇಕು. ಪಾಸ್‌ವರ್ಡ್ ಕೊಡೋಕೆ ಹೇಳಿ ಸಾರ್.”

“ಅದು ನಮ್ಮ ಪಾಲಿಸಿಯಲ್ಲಿ ಇಲ್ಲ,” ಅಂದರು ಮುರಳಿ.

“ಹಾಗಾದ್ರೆ ನೀವೇ ತೆರೆದು ಓದಿ. ಗಟ್ಟಿಯಾಗಿ ಓದಿ. ಬಂದವರ ವಿಳಾಸ ಅಂತ ಏನಿದೆ?”

“ನೋಡಿ ಹೇಳ್ತೀನಿ,” ಎಂದು ಮುರಳಿ ಫೋನು ಕಟ್ ಮಾಡಿದರು.

ಅವಳು ಎದ್ದು ಗೇಟಿಗೆ ನಡೆದಳು. ಗೇಟಿನಲ್ಲಿ ವಾಚ್‌ಮನ್ ಕೆಂಪರಾಜ್ ಡ್ರೈವರುಗಳ ಬೈಗುಳ ತಿನ್ನುತ್ತಾ ನಿಂತಿದ್ದ. ಮೊದಲ ಪಿಕಪ್ಪಿನ ಪಿಳ್ಳಪ್ಪ, ಅರವತ್ತು ದಾಟಿದ ಡ್ರೈವರು, ಒದ್ದೆ ಟವೆಲ್ಲಿನಿಂದ ಹಣ್ಣಿನ ಮೇಲೆ ನೀರು ಹಿಂಡುತ್ತಿದ್ದ.

“ನಾನು ಕಳ್ಳನಾ ತಾಯಿ?” ಎಂದು ಮೊಬೈಲು ಅವಳ ಮುಖಕ್ಕೆ ಹಿಡಿದ. “ಒಂದೇ ಸಲ ನಂಬರು ಒತ್ತಿವ್ನಿ. ತಡೆಹಿಡೀತೀವಿ ಅಂತ ಹಾಕವ್ರೆ. ಈ ಹಣ್ಣು ಇನ್ನೊಂದು ಗಂಟೆ ತಡಿಯಾಕಿಲ್ಲ.”

ಅವಳ ಸಿಟ್ಟು ಅಲ್ಲಿಗೆ ನೆತ್ತಿಗೇರಿತು. “ಕೆಂಪರಾಜ್, ಗೇಟ್ ತೆಗಿ. ಹಳೇ ರಿಜಿಸ್ಟರ್ ತಾ. ಗಾಡಿ ನಂಬರ್ ಬರ್ಕೊಂಡು ಒಬ್ಬೊಬ್ಬರನ್ನೇ ಬಿಡು.”

ಅವಳ ಬೆನ್ನ ಹಿಂದೆಯೇ ಕಾಂತರಾಜು ಓಡಿ ಬಂದಿದ್ದರು. “ಟೋಕನ್ ಇಲ್ಲದೆ ಬಿಡಬೇಡ ಅಂತ ಹೆಡ್ ಆಫೀಸಿನ ಆರ್ಡರ್ ಇದೆ!”

“ಹೆಡ್ ಆಫೀಸಿನವರು ಬಂದು ಈ ಬಿಸಿಲಲ್ಲಿ ನಿಂತ್ಕೊಳ್ಳಲಿ ಸಾರ್!” ಇಡೀ ಸಾಲಿಗೆ ಕೇಳುವಂತೆ ಕೂಗಿದಳು. ಒಂಬತ್ತು ವರ್ಷದಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು. “ಇಲ್ಲಿ ಏನಾಗಿದೆ ಗೊತ್ತಾ? ಈ ಕೆಂಪರಾಜ್ ನನ್ನ ಸರ್ವರ್ ಅಂತಿಟ್ಕೊಳ್ಳಿ, ಒಬ್ಬೊಬ್ಬ ಡ್ರೈವರ್ ಚೀಟಿನೂ ಒಳಗೆ ತಗೊಂಡು ಹೋಗ್ತಾನೆ. ಚೀಟಿ ಮೇಲೆ ಡ್ರೈವರ್ ಹೆಸರಿದೆ. ಒಳಗೆ ಕೂತಿರೋನು, ಅಂದ್ರೆ ಅವರ ಸರ್ವರ್, ಚೀಟಿ ಓದೋದೇ ಇಲ್ಲ, ಬರೀ ಕೆಂಪರಾಜನ ಮುಖ ನೋಡ್ತಾನೆ. ಹತ್ತು ಜನ ಡ್ರೈವರುಗಳು ಒಂದೊಂದ್ಸಲ ಪಿನ್ ತಪ್ಪು ಹಾಕಿದ್ರೆ, ಕೆಂಪರಾಜನೇ ಹತ್ತು ಸಲ ಮೋಸ ಮಾಡಿದ ಅಂತ ಬಾಗಿಲು ಹಾಕ್ಕೊಳ್ತಾನೆ. ಅವನ ಹಿಂದೆ ಇರೋ ಅಷ್ಟೂ ಜನಕ್ಕೆ ಬಾಗಿಲು ಬಂದ್! ಆ ಚೀಟಿ ಓದ್ಕೊಳ್ಳಿ ಅಂತ ಫೆಬ್ರವರಿಯಲ್ಲೇ ಬರೆದಿದ್ದೆ. ಮೇಲ್ ನಿಮಗೂ ಬಂದಿದೆ. ತೆರೆದು ನೋಡಿದ್ರಾ?”

ಕಾಂತರಾಜು ನೋಡಿರಲಿಲ್ಲ. ಅಲ್ಲೇ ಗೇಟಿನ ಬಳಿ ನಿಂತು ಮೊಬೈಲಿನಲ್ಲಿ ಹುಡುಕಿ ಓದಿದರು. ಆಮೇಲೆ ಕೆಂಪರಾಜನಿಗೆ ಕೈಸನ್ನೆ ಮಾಡಿದರು. ಗೇಟು ತೆರೆಯಿತು.

ಹನ್ನೊಂದಕ್ಕೆ ಮುರಳಿ ಫೋನು ಮಾಡಿ, “ಒಂದು ಸಣ್ಣ ಸೆಟ್ಟಿಂಗ್ ಬಿಟ್ಟುಹೋಗಿತ್ತು, ಹಾಕಿದ್ದೀವಿ,” ಅಂದರು. ಸೇರಿಸಿದ್ದು ಒಂದೇ ಒಂದು ಸಾಲು. ಅದಾದ ಮೇಲೆ ಟೋಕನ್‌ಗಳು ಸಲೀಸಾಗಿ ಬಂದವು. ಆದರೆ ಪಿಳ್ಳಪ್ಪ ತಂದ ಹಣ್ಣಿನಲ್ಲಿ ನಾಲ್ಕು ಕ್ರೇಟು ಮೆತ್ತಗಾಗಿದ್ದವು. ಒಳಗೆ ಇಡಲು ಬರುವುದಿಲ್ಲವೆಂದು ವಾಪಸ್ಸು ಕೊಟ್ಟರು.

ಮುಗಿಯಿತು ಅಂದುಕೊಂಡಿದ್ದಳು. ಮೂರನೇ ದಿನ ಸಂಸ್ಥೆಯ ವರದಿ ಬಂತು: ‘ಗ್ರಾಹಕರ ಹಳೆಯ ವೆಬ್ ಸರ್ವರಿನಿಂದ ಉಂಟಾದ ತೊಂದರೆಯನ್ನು ನಮ್ಮ ತಂಡ ಸರಿಪಡಿಸಿದೆ.’ ಕೆಳಗೆ ಅವಳ ಸಹಿಗೆ ಜಾಗ.

“ಹಾಕಿಬಿಡಮ್ಮ, ಕೆಲಸ ಆಯ್ತಲ್ಲ,” ಅಂದರು ಕಾಂತರಾಜು.

“ಹಾಕಲ್ಲ.”

“ಇದೊಂದು ಕಾಗದ ಅಷ್ಟೇ.”

“ಕಾಗದ ಅಷ್ಟೇ ಆಗಿದ್ರೆ ಅವರು ಸುಳ್ಳು ಯಾಕೆ ಬರೀತಿದ್ರು ಸಾರ್? ನಾಳೆ ಇದನ್ನೇ ತೋರಿಸಿ ನನ್ನ ಸರ್ವರ್ ತೆಗೆಸ್ತಾರೆ. ಆಮೇಲೆ ನನ್ನನ್ನ.” ತನ್ನ ಮೇಲ್, ಅದಕ್ಕೆ ಬಂದ ಉತ್ತರ, ತನ್ನ ಸರ್ವರಿನ ದಾಖಲೆ, ಎಲ್ಲದರ ಪ್ರತಿ ತೆಗೆದು ಅವರ ಮೇಜಿನ ಮೇಲಿಟ್ಟಳು. “ಯಾವ ಕಡೆ ತಪ್ಪಾಯ್ತು ಅಂತ ಬರೀಲಿ. ಎಷ್ಟು ಹೊತ್ತು ಗಾಡಿ ನಿಂತಿದ್ವು, ಎಷ್ಟು ಹಣ್ಣು ಹೋಯ್ತು, ಅದನ್ನೂ ಬರೀಲಿ. ಆಮೇಲೆ ಸಹಿ.”

ಐದು ದಿನ ಎಳೆದಾಡಿದರು. ಹೆಡ್ ಆಫೀಸಿನಿಂದ ಫೋನು ಬಂತು, ‘ಹೊಂದಿಕೊಂಡು ಹೋಗಿ’ ಎಂಬ ಬುದ್ಧಿಮಾತು ಬಂತು. ಅವಳು ಜಗ್ಗಲಿಲ್ಲ. ಆರನೇ ದಿನ ತಿದ್ದಿದ ವರದಿ ಬಂತು. ‘ಅಪ್ಲಿಕೇಶನ್ ಸರ್ವರಿನ ಜೋಡಣೆಯಲ್ಲಿ ನಮ್ಮ ಕಡೆಯಿಂದ ಆದ ಲೋಪ’ ಎಂದು ಸ್ಪಷ್ಟವಾಗಿ ಬರೆದಿತ್ತು. ಪಿಳ್ಳಪ್ಪನ ನಾಲ್ಕು ಕ್ರೇಟಿನ ಲೆಕ್ಕವೂ ಅದರಲ್ಲಿತ್ತು. ಕ್ಷಮೆಯ ಒಂದು ಅಕ್ಷರವೂ ಇರಲಿಲ್ಲ. ಅವಳು ಎರಡು ಸಲ ಓದಿ ಸಹಿ ಹಾಕಿದಳು. ಕಾಂತರಾಜು ಕಾಗದ ತೆಗೆದುಕೊಂಡು ಹೋದರು.

ಸಂಜೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ, ದಿನಾ ನೋಡುವ ಕಂಡಕ್ಟರೇ ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳಿದ.

“ಹತ್ತು ವರ್ಷದಿಂದ ಇದೇ ಬಸ್ಸಲ್ಲಿ ಬರ್ತಿದೀನಿ, ಇನ್ನೂ ನಾನು ಯಾರು ಅಂತ ಕಾರ್ಡ್ ನೋಡಿ ತಿಳ್ಕೊಬೇಕಾ?” ಎಂದು ರೇಗಿಬಿಟ್ಟಳು.

“ರೂಲ್ಸು ಅಕ್ಕಾ, ಚೆಕಿಂಗ್‌ನವರು ಹತ್ತವ್ರೆ,” ಎಂದ ಅವನು, ಮೆಲ್ಲಗೆ.

ಪಾಪ, ಅವನದೇನು ತಪ್ಪು. ಕಾರ್ಡ್ ತೆಗೆದು ಕೊಟ್ಟಳು, “ಬೇಜಾರು ಮಾಡ್ಕೋಬೇಡಪ್ಪಾ” ಅಂದಳು. ಆದರೆ ಕಿಟಕಿಗೆ ಒರಗಿ ಕೂತಾಗಲೂ ಹಲ್ಲು ಕಚ್ಚಿಕೊಂಡೇ ಇದ್ದಳು. ಆ ಸಿಟ್ಟು ಇಷ್ಟು ಬೇಗ ಆರುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ.