ಮೊದಲು ಯಾರು ನಗಬೇಕು

ಸೊರಬದ ಒಂದು ಮದುವೆಯಲ್ಲಿ ಜನರನ್ನು ನಗಿಸಲು ನನ್ನನ್ನು ಶಿಕಾರಿಪುರದಿಂದ ಕರೆಸಿದ್ದರು. ಪಟೇಲರ ಕೆಮ್ಮು, ಆಗಷ್ಟೇ ಬಂದಿದ್ದ ನಯಾಪೈಸೆ ನಾಣ್ಯ ಬೇಡವೆನ್ನುವ ಬಸ್ ಕಂಡಕ್ಟರನ ಜಗಳ, ಎಲ್ಲವನ್ನೂ ಮುಕ್ಕಾಲು ಗಂಟೆ ಮಾಡಿ ತೋರಿಸಿದೆ. ಚಪ್ಪರದಲ್ಲಿ ಒಬ್ಬರೂ ಹಲ್ಲು ಬಿಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ವೇದಿಕೆಯಿಂದ ಕೆಳಗಿಳಿದು, ಯಾಕೆ ಯಾರೂ ನಗಲಿಲ್ಲವೆಂದು ಹೆಣ್ಣಿನ ತಂದೆಯನ್ನೇ ಕೇಳಿದೆ.

"ಬೀಗರು ಗಂಟುಮುಖ ಹಾಕ್ಕೊಂಡು ಕೂತಿರುವಾಗ ನಾವು ನಕ್ಕರೆ, ತಮ್ಮನ್ನ ನೋಡೇ ನಕ್ಕರು ಅಂತ ಎದ್ದು ಹೋಗ್ತಾರೆ ಕಣ್ರೀ."

ಗಂಡಿನ ತಂದೆಯ ಹತ್ತಿರ ಹೋದೆ.

"ಕರೆಸಿದೋರೇ ನಗಲಿಲ್ಲ, ನಾವ್ಯಾಕ್ರೀ ಮೊದಲು ನಗಬೇಕು? ಬೆಳಿಗ್ಗೆ ಕಾಫಿ ಬೇರೆ ತಣ್ಣಗಿತ್ತು."

ಇವರಿಬ್ಬರ ಹಮ್ಮಿಗೆ ಹರಿದದ್ದು ನನ್ನ ಗಂಟಲು. ಮರುದಿನ ಬಸ್ಸಿನಲ್ಲಿ ಅದೇ ಗಂಡಿನ ತಂದೆ ಪಕ್ಕದವರಿಗೆ ನನ್ನ ಪಟೇಲರ ಕೆಮ್ಮನ್ನು ಕೆಮ್ಮಿ ತೋರಿಸುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಗಿಸುವ ಕಸುಬಿಗೆ ಇಳಿಯುತ್ತೇನೆಂದು ಸಲಹೆ ಕೇಳಲು ಬಂದವರಿಗೆ ಈಗ ಒಂದೇ ಮಾತು ಹೇಳುತ್ತೇನೆ: ಜೋಕು ಆಮೇಲೆ, ಮೊದಲು ಬೀಗರ ಕಾಫಿ ಬಿಸಿ ಇದೆಯೋ ನೋಡು.